ಕರಿಗಲ್ಲಿನ ಕೆಳಗೆ ಕಣಿವೆ ಇದೆಯೇ?

1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಸುತ್ತಲಿನ ನೆಲ ನಡುಗಿತು. ಸುಮಾರು 200 ಜನ ಸತ್ತರು. ಗಟ್ಟಿನೆಲವೆಂದು ಹೆಸರಾಗಿದ್ದ ದಖ್ಖನ್ ಪ್ರಸ್ಥಭೂಮಿಯ ಅಡಿಯಲ್ಲಿ ಏನಿದೆ ಎಂಬ ಪ್ರಶ್ನೆ ಆಗ ಎದ್ದಿತು. ಉತ್ತರ ಕಣ್ಣಿಗೆ ಕಾಣುವಂತಿರಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ, ಬಸಾಲ್ಟ್ ಎಂಬ ಕರಿಗಲ್ಲಾಗಿ ಹಳೆಯ ನೆಲವನ್ನು ಮುಚ್ಚಿಬಿಟ್ಟಿದೆ. ಆ ಹೊದಿಕೆಯ ಅಂಚು ಕರ್ನಾಟಕದ ಬೀದರ್, ಕಲಬುರಗಿ, ವಿಜಯಪುರದವರೆಗೂ ಚಾಚಿದೆ.

ನೆಲ ಅಗೆಯದೆ ಒಳಗನ್ನು ತಿಳಿಯುವ ಒಂದು ಉಪಾಯ, ಭೂಮಿಯ ಸೆಳೆತವನ್ನು ಅಳೆಯುವುದು. ಕೆಳಗೆ ಭಾರವಾದ ಶಿಲೆ ಇದ್ದಲ್ಲಿ ಸೆಳೆತ ತುಸು ಹೆಚ್ಚು, ಹಗುರ ಶಿಲೆ ಇದ್ದಲ್ಲಿ ತುಸು ಕಡಿಮೆ. ಇದನ್ನು ಅಳೆಯುವ ಮಾನ ಮಿಲಿಗ್ಯಾಲ್. ಅದು ಒಟ್ಟು ಸೆಳೆತದ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು.

ಭೂಮಿಯ ಚಿಪ್ಪು ಎರಡೂ ಬದಿಗೆ ಎಳೆಯಲ್ಪಟ್ಟು ಬಿರಿದಾಗ ನಡುವಿನ ಭಾಗ ಕುಸಿಯುತ್ತದೆ. ಇದೇ ಸೀಳು ಕಣಿವೆ. ಆ ತಗ್ಗಿನಲ್ಲಿ ಮರಳು, ಕೆಸರು ತುಂಬಿ ಪದರುಶಿಲೆಯಾಗುತ್ತದೆ. ಅಕ್ಕಪಕ್ಕದ ಗ್ರಾನೈಟಿಗಿಂತ ಇದು ಹಗುರವಾದ್ದರಿಂದ ಹೂತುಹೋದ ಕಣಿವೆಯ ಮೇಲೆ ಸೆಳೆತ ಕುಗ್ಗುತ್ತದೆ, ಅಂಚಿನ ಬಿರುಕು ದಾಟಿದೊಡನೆ ಏರುತ್ತದೆ.

ಕಾಂತ ಸಮೀಕ್ಷೆ ಇದಕ್ಕೆ ಜೊತೆಗಾರ. ಪದರುಶಿಲೆಯಲ್ಲಿ ಕಾಂತಗುಣದ ಖನಿಜ ಬಲು ಕಡಿಮೆ. ಅದರಡಿಯ ತಳಶಿಲೆ ಆಳಕ್ಕಿಳಿದಷ್ಟೂ ಮೇಲೆ ದಾಖಲಾಗುವ ಏರಿಳಿತ ಮಂದವಾಗಿ, ಅಗಲವಾಗಿ ಹರಡುತ್ತದೆ. ಆದರೆ ದಖ್ಖನ್‌ನಲ್ಲಿ ತೊಡಕಿದೆ: ಮೇಲಿನ ಬಸಾಲ್ಟಿಗೇ ಕಾಂತಗುಣ ಹೆಚ್ಚು. ಅದರ ಗದ್ದಲದಲ್ಲಿ ಕೆಳಗಿನ ಶಿಲೆಯ ದನಿ ಅಡಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಕೃಷ್ಣ ಬ್ರಹ್ಮಂ ಮತ್ತು ನೇಗಿ ಗುರುತ್ವದ ನಕ್ಷೆಯನ್ನು ಪರಿಶೀಲಿಸಿ, ಕೊಯ್ನಾ ಮತ್ತು ಕುರ್ಡುವಾಡಿಯ ಕಡೆ ಲಾವಾದಡಿ ಎರಡು ಸೀಳು ಕಣಿವೆಗಳು ಅಡಗಿವೆ ಎಂದು 1973ರಲ್ಲಿ ಪ್ರತಿಪಾದಿಸಿದರು. ಎಲ್ಲರೂ ಇದನ್ನು ಒಪ್ಪಲಿಲ್ಲ. ಸೆಳೆತ ಕುಗ್ಗಲು ಪದರುಶಿಲೆಯೇ ಬೇಕೆಂದಿಲ್ಲ; ಆಳದಲ್ಲಿ ಹಗುರ ಗ್ರಾನೈಟ್ ಇದ್ದರೂ, ಭೂಚಿಪ್ಪು ದಪ್ಪವಾಗಿದ್ದರೂ ಹಾಗೆಯೇ ಆಗಬಹುದು. ಒಂದೇ ಅಂಕಿಗೆ ಹಲವು ಕಾರಣ: ಈ ವಿಧಾನದ ದೊಡ್ಡ ಮಿತಿ ಇದೇ.

ದಶಕಗಳ ಬಳಿಕ ಕೊಯ್ನಾ ಬಳಿಯ ರಸಾಟಿಯಲ್ಲಿ 1,500 ಮೀಟರಿಗೂ ಆಳಕ್ಕೆ ಕೊರೆದು ನೋಡಲಾಯಿತು. ಸುಮಾರು 930 ಮೀಟರ್ ಬಸಾಲ್ಟ್ ಮುಗಿದೊಡನೆ ಸಿಕ್ಕಿದ್ದು ಹಳೆಯ ಗ್ರಾನೈಟ್. ನಡುವೆ ಪದರುಶಿಲೆ ಇರಲಿಲ್ಲ. ಮರಳು ತುಂಬಿದ ಕಣಿವೆಯ ಊಹೆಗೆ ಅಲ್ಲಿ ಆಧಾರ ದೊರೆಯಲಿಲ್ಲ.

ಹಾಗೆಂದು ಸಮೀಕ್ಷೆ ವ್ಯರ್ಥವಲ್ಲ. ಬಾವಿ ಹೇಳುವುದು ಒಂದು ಜಾಗದ ಸಂಗತಿಯನ್ನು ಮಾತ್ರ. ಹೀಗಾಗಿಯೇ ಕೊಯ್ನಾ ಸುತ್ತ ವಿಮಾನದಿಂದ ಗುರುತ್ವ, ಕಾಂತ ಸಮೀಕ್ಷೆ ನಡೆಸಿ ಬಿರುಕುಗಳ ಜಾಡು ಹುಡುಕಲಾಗಿದೆ. 1967ರ ನಂತರವೂ ಅಲ್ಲಿನ ನೆಲ ಮತ್ತೆ ಮತ್ತೆ ಕಂಪಿಸಿದೆ. ಅಣೆಕಟ್ಟಿನ ಕೆಳಗೆ ಬದುಕುವವರಿಗೆ ಆ ಬಿರುಕುಗಳು ಎಲ್ಲಿವೆ ಎಂಬುದು ಬರೀ ಪುಸ್ತಕದ ಪ್ರಶ್ನೆಯಲ್ಲ.