ಗಂಟೆಗೊಂದು ಲೋಟ ವೈನ್

ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ‘ದಿ ಓಕ್ಸ್’ ಎಂಬ ವಸತಿಗೃಹವಿದೆ. ಹಿಂದೆ ಹೋಟೆಲ್ ಆಗಿದ್ದ ಕಟ್ಟಡ. ಬೆಳಿಗ್ಗೆ ಏಳೂವರೆಗೆ ಇಲ್ಲಿನ ನಿವಾಸಿಗಳು ವೈನ್‌ಗಾಗಿ ಸಾಲುಗಟ್ಟುತ್ತಾರೆ. ಮೊದಲ ಸಲ ಸುಮಾರು 200 ಮಿಲಿ, ಆಮೇಲೆ ರಾತ್ರಿ ಒಂಬತ್ತೂವರೆಯವರೆಗೆ ಗಂಟೆಗೊಮ್ಮೆ 140 ಮಿಲಿಯಷ್ಟು. ಎಲ್ಲೋ ಕುಡಿದು ತೂರಾಡುತ್ತ ಬಂದವರಿಗೆ ಆ ಹೊತ್ತಿನ ಲೋಟ ಸಿಗದು.

ಕುಡುಕರಿಗೆ ಕುಡಿಸುವುದೂ ಒಂದು ಚಿಕಿತ್ಸೆಯೇ ಎಂದು ಯಾರಾದರೂ ಹುಬ್ಬೇರಿಸಬಹುದು. ಉತ್ತರಕ್ಕೆ ಟೊರೊಂಟೊದ ಚಳಿಗಾಲಕ್ಕೆ ಹೋಗಬೇಕು. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಬೀದಿಯಲ್ಲಿ ಕೆಲವು ನಿರ್ಗತಿಕರು ಚಳಿಗೆ ಸಿಕ್ಕಿ ಸತ್ತರು. ರಾತ್ರಿ ತಂಗುದಾಣಗಳೇನೋ ಇದ್ದವು, ಆದರೆ ಒಳಗೆ ಬಾಟಲಿ ತರುವಂತಿರಲಿಲ್ಲ. ಬಾಟಲಿ ಬಿಡಲಾಗದವರು ಹೊರಗೇ ಉಳಿಯುತ್ತಿದ್ದರು. ಈ ಸಾವುಗಳ ವಿಚಾರಣೆಯ ನಂತರ ನಗರದ ಸೀಟನ್ ಹೌಸ್ ಎಂಬ ತಂಗುದಾಣ ಅಳತೆ ಮಾಡಿ ಮದ್ಯ ಕೊಡಲು ಶುರುಮಾಡಿತು. 2001ರ ಹೊತ್ತಿಗೆ ಒಟ್ಟಾವಾ ಕೂಡ ಅದೇ ದಾರಿ ಹಿಡಿಯಿತು.

‘ಬಿಟ್ಟುಬಿಡಿ’ ಎಂದು ಹೇಳುವುದು ಸುಲಭ. ದಶಕಗಳಿಂದ ಕುಡಿದ ದೇಹಕ್ಕೆ ಮದ್ಯ ಥಟ್ಟನೆ ತಪ್ಪಿದರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ. ಕೆಲವರಿಗೆ ಪ್ರಾಣಕ್ಕೇ ಕುತ್ತು. 2020ರ ಲಾಕ್‌ಡೌನಿನಲ್ಲಿ ಬಾರ್‌ಗಳು ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳೂ ಇಂಥ ರೋಗಿಗಳನ್ನು ಕಂಡವು. ಬೀದಿಯಲ್ಲಿರುವವರಿಗೆ ಇನ್ನೊಂದು ಅಪಾಯ: ಮದ್ಯಕ್ಕೆ ಕಾಸಿಲ್ಲದಿದ್ದರೆ ಮೌತ್‌ವಾಶ್, ಸ್ಯಾನಿಟೈಸರ್‌ಗಳೇ ಹೊಟ್ಟೆ ಸೇರುತ್ತವೆ. ಅಳೆದು ಕೊಟ್ಟ ವೈನ್ ಅದಕ್ಕಿಂತ ವಾಸಿ ಎಂಬುದು ವೈದ್ಯರ ಲೆಕ್ಕಾಚಾರ.

ಒಟ್ಟಾವಾದ 17 ಜನರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರೆಲ್ಲರ ತುರ್ತು ಚಿಕಿತ್ಸಾ ಭೇಟಿಗಳು ತಿಂಗಳಿಗೆ 13.5ರಿಂದ 8ಕ್ಕೆ, ಪೊಲೀಸರೊಂದಿಗಿನ ಮುಖಾಮುಖಿ 18.1ರಿಂದ 8.8ಕ್ಕೆ ಇಳಿದವು. ದಿನಕ್ಕೆ ಸರಾಸರಿ 46 ಡ್ರಿಂಕ್ ಇದ್ದದ್ದು 8ಕ್ಕೆ ಬಂತೆಂದು 11 ಮಂದಿಯೇ ಹೇಳಿಕೊಂಡರು. ಕುಡಿದವರ ಬಾಯಿಲೆಕ್ಕವನ್ನು ಪೂರ್ತಿ ನಂಬಬೇಕಿಲ್ಲ, ಗುಂಪೂ ಚಿಕ್ಕದು. ಅಧ್ಯಯನದ ಅವಧಿಯಲ್ಲೇ ಮೂವರು ತೀರಿಕೊಂಡರು ಎಂಬುದನ್ನೂ ಮರೆಯುವಂತಿಲ್ಲ. ವೈನ್ ಕೊಟ್ಟ ಮಾತ್ರಕ್ಕೆ ಕೆಟ್ಟ ಲಿವರ್ ಸರಿಹೋಗದು.

ಅಮೆರಿಕದ ಸಿಯಾಟಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2005ರ ಡಿಸೆಂಬರಿನಲ್ಲಿ ‘1811 ಈಸ್ಟ್‌ಲೇಕ್’ ಎಂಬ 75 ಮನೆಗಳ ಕಟ್ಟಡ ತೆರೆಯಿತು. ಇಲ್ಲಿ ಯಾರೂ ಅಳೆದು ಕೊಡುವುದಿಲ್ಲ. ತನ್ನ ಕೋಣೆಯಲ್ಲಿ ಕುಡಿಯುವುದು ಬಾಡಿಗೆದಾರನಿಗೆ ಬಿಟ್ಟದ್ದು. ಚಿಕಿತ್ಸೆಗೆ ಸೇರುವುದೂ ಅವನ ಇಷ್ಟ. ತೆರಿಗೆ ಹಣದಲ್ಲಿ ಕುಡುಕರಿಗೆ ಮನೆಯೇ ಎಂದು ಸಾಕಷ್ಟು ಗದ್ದಲವಾಯಿತು. ಆದರೆ ಆಸ್ಪತ್ರೆ, ಜೈಲು, ಆ್ಯಂಬುಲೆನ್ಸ್‌ಗಳಿಗೆ ಅದೇ ತೆರಿಗೆಯಿಂದ ಹರಿದುಹೋಗುತ್ತಿದ್ದ ಹಣವನ್ನು ಗದ್ದಲ ಎಬ್ಬಿಸಿದವರು ಎಣಿಸಿರಲಿಲ್ಲ. 2009ರಲ್ಲಿ ಆ ಲೆಕ್ಕ ಹೊರಬಂತು: ಅಂಥ ಸೇವೆಗಳಿಗೆ ತಲಾ ತಿಂಗಳಿಗೆ 4,066 ಡಾಲರ್ ಇದ್ದ ಮಧ್ಯಮಾಂಕ, ಮನೆ ಸಿಕ್ಕ ಒಂದು ವರ್ಷಕ್ಕೆ 958ಕ್ಕೆ ಕುಸಿದಿತ್ತು. ಬಿಡಿ ಎಂದು ಯಾರೂ ಬೆನ್ನುಹತ್ತದಿದ್ದರೂ ನಿವಾಸಿಗಳ ಕುಡಿತ ಎರಡು ವರ್ಷಗಳಲ್ಲಿ ಹಂತಹಂತವಾಗಿ ತಗ್ಗಿದ್ದನ್ನು 2012ರ ಅಧ್ಯಯನ ದಾಖಲಿಸಿತು.