ತುಮಕೂರಿನ ಸೆಮಿನರಿ, ಬಲ್ಮಠದ ಕಲ್ಲಚ್ಚು

ಪೀಣ್ಯ ದಾಟಿ ಮಾದನಾಯಕನಹಳ್ಳಿಯ ಮೇಲೆ ಹಾಯುವ ತುಮಕೂರು ರಸ್ತೆಯಲ್ಲಿ ಈಗ ಲಾರಿಗಳದ್ದೇ ದರ್ಬಾರು. ಈ ರಸ್ತೆ ಮುಟ್ಟುವ ತುಮಕೂರಿನಲ್ಲಿ ಒಂದು ಕಾಲಕ್ಕೆ ಯೂನಿಯನ್ ಕ್ಯಾನರೀಸ್ ಸೆಮಿನರಿ ಇತ್ತು. ಕನ್ನಡ ಸಭೆಗಳಿಗೆ ಸೇವಕರನ್ನು ತಯಾರು ಮಾಡಿದ ಮನೆ ಅದು. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯ ಜೊತೆ ಕೂಡಿಕೊಂಡಿತು. ಅಲ್ಲಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ರೂಪುಗೊಂಡದ್ದು ಹಾಗೆ.

ಬಲ್ಮಠದ ಬೇರು ಇನ್ನೂ ಆಳದ್ದು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಸೆಮಿನರಿ ಶುರುವಾದದ್ದು 1847ರಲ್ಲಿ. ಕಲಿಸಬೇಕೆಂದರೆ ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚು ಬೇಕು. ಆ ಕಲ್ಲಚ್ಚು ಸೆಮಿನರಿಗೂ ಮೊದಲೇ, 1841ರಲ್ಲಿ, ಬಂದಿತ್ತು. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಮಸಿ ಉರುಳಿಸಬೇಕು. ನೀರು ಕುಡಿದ ಜಾಗಕ್ಕೆ ಮಸಿ ಅಂಟದು, ಅಕ್ಷರಕ್ಕಷ್ಟೇ ಹಿಡಿಯುತ್ತದೆ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ತಂದ 'ಮಂಗಳೂರ ಸಮಾಚಾರ' ಪತ್ರಿಕೆ ಮೂಡಿದ್ದೂ ಹೀಗೆಯೇ. ಮುಂದೆ ನಿಘಂಟಿನಿಂದ ಹೆಸರಾದ ಕಿಟೆಲ್, ಯೇಸುವಿನ ಬದುಕನ್ನು ಕನ್ನಡ ಪದ್ಯಕ್ಕೆ ಇಳಿಸಿ 1862ರಲ್ಲಿ 'ಕಥಾಮಾಲೆ' ಕೊಟ್ಟರು.

ಬೆಂಗಳೂರಿನಲ್ಲಿ 1910ರಿಂದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ, ದೊಡ್ಡ ಹೆಸರು. ಅಲ್ಲಿನ ಪಾಠ ಇಂಗ್ಲಿಷಿನಲ್ಲಿ. ಆದರೆ ಗ್ರೀಕ್, ಹೀಬ್ರೂ ಓದಿ ಬಂದ ಸಭಾಪಾಲಕರು ಅದನ್ನು ಹಳ್ಳಿಯ ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಹೇಳಲಾರದೇ ಹೋದರೆ ಆ ಓದು ಅರ್ಧಕ್ಕೇ ನಿಂತಂತೆ. ದೇವಶಾಸ್ತ್ರವನ್ನು ಕನ್ನಡದಲ್ಲೇ ಕಲಿಸುವ ಬಲ್ಮಠದ ಹಟ ದೊಡ್ಡದು ಎನಿಸುವುದು ಅದಕ್ಕೇ.

ಕಾಲೇಜಿಗೆ ಹೋಗಲಾಗದವರ ಪಾಡೇನು? 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್‌ಗೆ ಎದುರಾದದ್ದು ಇಂಥದೇ ಪ್ರಶ್ನೆ. ವಾರವಿಡೀ ದುಡಿಯುವ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಒಂದೇ ದಿನ. ಅವತ್ತೇ ಅವರಿಗೆ ಅಕ್ಷರ ಕಲಿಸಲು ತೊಡಗಿದ. ಅದೇ ಸಂಡೇ ಸ್ಕೂಲ್.

ದೊಡ್ಡವರ ಸರದಿ ಬಂದದ್ದು ತೀರಾ ತಡವಾಗಿ. 1963ರಲ್ಲಿ ಗ್ವಾಟೆಮಾಲಾದ ಸೆಮಿನರಿಯೊಂದು, ವಿದ್ಯಾರ್ಥಿಗಳು ಊರು ಬಿಟ್ಟು ಬರುವ ಬದಲು ಪಾಠವನ್ನೇ ಅವರಿದ್ದಲ್ಲಿಗೆ ಒಯ್ದಿತು. ಆ ದಾರಿ ಹಿಡಿದು 1971ರಲ್ಲಿ ಬೆಂಗಳೂರಿನಲ್ಲಿ ದೇವಶಾಸ್ತ್ರವನ್ನು ಹೀಗೆ ಕಲಿಸುವ ಟ್ಯಾಫ್ಟೀ ಎಂಬ ಸಂಸ್ಥೆ ಆರಂಭವಾಯಿತು. ಮನೆಯಲ್ಲಿ ಓದಿ, ವಾರಕ್ಕೊಮ್ಮೆ ಕೂಡಿ ಚರ್ಚಿಸುವ ಕ್ರಮ. ಜನ ಶಿಫ್ಟಿನ ಮೇಲೆ ದುಡಿಯುವ ಪೀಣ್ಯದಂಥ ಕೈಗಾರಿಕಾ ಪ್ರದೇಶಕ್ಕೆ ಇದು ಹೇಳಿಮಾಡಿಸಿದಂತಿದೆ.

ಸಂಡೇ ಸ್ಕೂಲಿನ ಮಕ್ಕಳ ತರಗತಿ ಮಾತ್ರ ಇಂದಿಗೂ ಕಂಠಪಾಠದಿಂದಲೇ ಕಳೆಕಟ್ಟುತ್ತದೆ. ಕೈಕಟ್ಟಿ ನಿಂತ ಹುಡುಗ ವಾಕ್ಯದ ನಡುವೆ ತಡವರಿಸುತ್ತಾನೆ. ಚಾಪೆಯ ಮೇಲೆ ಕೂತ ಅಕ್ಕ ತುಟಿಯಲ್ಲೇ ಮುಂದಿನ ಪದ ತೋರಿಸಿಕೊಡುತ್ತಾಳೆ.