ಮೊದಲ ಪುಟಕ್ಕೆ ಎಷ್ಟು, ಒಳಪುಟಕ್ಕೆ ಎಷ್ಟು?

ರಾಯದುರ್ಗ, ಕಲ್ಯಾಣದುರ್ಗ, ಮಡಕಶಿರಾ ಕಡೆಯ ಯಾವ ಬಸ್ ಸ್ಟ್ಯಾಂಡ್ ಹೋಟೆಲ್ಲಿಗೆ ಹೋದರೂ ಬೆಳಿಗ್ಗೆ ಏಳಕ್ಕೆಲ್ಲ ದಿನಪತ್ರಿಕೆ ಹಾಳೆ ಹಾಳೆಯಾಗಿ ಹಂಚಿಹೋಗಿರುತ್ತದೆ. ಹೊರಗಿನ ಹಾಳೆ ಗಲ್ಲಾದ ಹತ್ತಿರ ಕುಂತವರ ಕೈಯಲ್ಲಿ, ನಡುವಿನ ಹಾಳೆ ಉಗ್ಗಾಣಿ ತಿನ್ನುವವರ ತಟ್ಟೆಯ ಪಕ್ಕದಲ್ಲಿ, ಕ್ರಿಕೆಟ್ಟಿನ ಪುಟ ಹುಡುಗರ ಹತ್ತಿರ. ಕನ್ನಡ ಪೇಪರಿಗೂ ಇದೇ ಗತಿ, ತೆಲುಗು ಪೇಪರಿಗೂ ಇದೇ ಗತಿ. ಮೊದಲ ಪುಟ ಹಿಡಿದವನು ಎಂಟು ಸಾಲು ಓದುವಷ್ಟರಲ್ಲಿ "5ನೇ ಪುಟಕ್ಕೆ" ಅಂತ ಬರುತ್ತದೆ. ತೆಲುಗಿನದಾದರೆ "ಮಿಗತಾ 5ಲೋ". ಐದನೇ ಪುಟ ಹಿಡಿದವನು ಅದನ್ನು ಬಿಟ್ಟುಕೊಡುವಷ್ಟರಲ್ಲಿ ಇವನ ಬಸ್ಸು ಹೊರಟಿರುತ್ತದೆ. ಅರ್ಧ ಸುದ್ದಿ ಊರು ಸೇರುತ್ತದೆ. ಊರಲ್ಲಿ ಅದೇ ಪೂರ್ತಿ ಸುದ್ದಿ.

ಆದ್ದರಿಂದ ಮೊದಲ ಪುಟದಲ್ಲಿ ಎಷ್ಟು ಕೊಡಬೇಕು, ಎಲ್ಲಿ ಕತ್ತರಿಸಿ ಒಳಗೆ ಕಳಿಸಬೇಕು ಎಂಬುದು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತ ಸಂಪಾದಕರೊಬ್ಬರದೇ ತಲೆನೋವಲ್ಲ. ಎರಡು ಭಾಷೆಯ ಪೇಪರು ಓದಿ ಎರಡು ರಾಜ್ಯದ ಮಾರ್ಕೆಟ್ಟಿಗೆ ಮಾಲು ಹಾಕುವ ನಮ್ಮಂಥವರ ಬದುಕಿಗೂ ಅದು ತಾಗುತ್ತದೆ.

ಮೊದಲು ಜಾಗದ ಲೆಕ್ಕ ನೋಡೋಣ. ದೊಡ್ಡ ಅಳತೆಯ ಪತ್ರಿಕೆಯ ಪುಟ ಅಂದರೆ ಸಾಮಾನ್ಯವಾಗಿ ಎಂಟು ಕಾಲಂ. ತಲೆಯ ಮೇಲೆ ಪತ್ರಿಕೆಯ ಹೆಸರು, ಕೆಳಗೆ ಜಾಹೀರಾತು, ನಡುವೆ ದೊಡ್ಡ ಫೋಟೋ. ಇಷ್ಟಕ್ಕೇ ಅರ್ಧ ಪುಟ ಹೋಯಿತು. ಉಳಿದ ಅರ್ಧದಲ್ಲಿ ಪ್ರತಿ ಸುದ್ದಿಯನ್ನೂ ಪೂರ್ತಿ ಕೊಟ್ಟರೆ ಮೂರೋ ನಾಲ್ಕೋ ಸುದ್ದಿಗೆ ಪುಟ ತುಂಬುತ್ತದೆ. ಹತ್ತು ಹತ್ತು ಸಾಲು ಕೊಟ್ಟು ಮುಂದಕ್ಕೆ ತಳ್ಳಿದರೆ ಹತ್ತು ಸುದ್ದಿ ಕಾಣುತ್ತವೆ, ಒಂದೂ ಮುಗಿಯುವುದಿಲ್ಲ. ಅಂಗಡಿಯಲ್ಲಿ ಪೇಪರು ಮಡಿಚಿ ಇಟ್ಟಾಗ ಕಣ್ಣಿಗೆ ಬೀಳುವುದು ಮಡಿಕೆಯ ಮೇಲಿನ ಭಾಗ ಮಾತ್ರ. ಬಿಡಿಯಾಗಿ ಕೊಳ್ಳುವವನನ್ನು ಹಿಡಿಯಬೇಕು ಅಂದರೆ ಆ ಗೇಣು ಜಾಗದಲ್ಲಿ ಎಷ್ಟು ಶೀರ್ಷಿಕೆ ತುರುಕಿದರೂ ಸಾಲದು. ಮನೆಗೆ ಹಾಕಿಸಿಕೊಳ್ಳುವವನು ತಿಂಗಳ ದುಡ್ಡು ಕೊಟ್ಟವನು. ಅವನಿಗೆ ಆಸೆ ತೋರಿಸುವ ಅಗತ್ಯವಿಲ್ಲ, ಹೇಳಬೇಕಾದ್ದನ್ನು ಹೇಳಿದರೆ ಸಾಕು. ಒಂದೇ ಪುಟ ಈ ಇಬ್ಬರಿಗೂ ಆಗಬೇಕು, ಕಷ್ಟ ಇರುವುದು ಅಲ್ಲೇ.

ಮೊದಲ ಪುಟ ಎಂದರೆ ಸುದ್ದಿಯ ಪುಟ ಎಂಬುದೂ ಎಲ್ಲ ಕಾಲದ ಮಾತಲ್ಲ. ಲಂಡನ್ನಿನ ಟೈಮ್ಸ್ ಪತ್ರಿಕೆಯ ಮೊದಲ ಪುಟದ ತುಂಬ 1966ರ ಮೇ ತಿಂಗಳ ತನಕ ಸಣ್ಣ ಜಾಹೀರಾತುಗಳೇ ಇರುತ್ತಿದ್ದವು. ಮದರಾಸಿನ ಹಿಂದೂ ಪತ್ರಿಕೆಯೂ 1958ರ ವರೆಗೆ ಹಾಗೆಯೇ ಇತ್ತು. ಈಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ನಮ್ಮ ಮಂಡಿ ವರ್ತಕರಿಗೆ ಹೇಳಿ ನೋಡಿ, ಅವರು ನಗುವುದಿಲ್ಲ. ಯಾವ ಹಡಗು ಹೊರಡುತ್ತದೆ, ಯಾವ ಮಾಲು ಹರಾಜಿಗಿದೆ, ಯಾವ ಮನೆ ಮಾರಾಟಕ್ಕಿದೆ, ವ್ಯಾಪಾರಸ್ಥನಿಗೆ ಅದೇ ಸುದ್ದಿ. ಮಂತ್ರಿಯ ಭಾಷಣ ಒಳಗಿದ್ದರೂ ನಡೆಯುತ್ತದೆ. ಆ ಸಣ್ಣ ಜಾಹೀರಾತಿಗೆ ಇನ್ನೊಂದು ಗುಣವಿತ್ತು: ನಾಲ್ಕು ಸಾಲಿನದಾದರೂ ಅಲ್ಲಲ್ಲೇ ಪೂರ್ತಿ. ಯಾವುದನ್ನೂ "ಉಳಿದುದು ಒಳಪುಟದಲ್ಲಿ" ಅನ್ನುವ ಹಾಗಿರಲಿಲ್ಲ. (ಈಗಿನ ಪೇಪರಿಗೆ ಕೆಲವು ದಿನ ಇಡೀ ಪುಟದ ಜಾಹೀರಾತನ್ನೇ ಅಂಗಿಯ ಹಾಗೆ ತೊಡಿಸುತ್ತಾರೆ. ಹೆಸರಿಗೆ ಅದು ಮೊದಲ ಪುಟ. ನಿಜವಾದ ಮೊದಲ ಪುಟ ಮೂರನೆಯದು. ಅದು ಬೇರೆ ಕಥೆ.)

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಹೊರಬಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನ ಪಾಕ್ಷಿಕ, ನಾಲ್ಕೇ ಪುಟ. ಮರುವರ್ಷ ಅದು ಬಳ್ಳಾರಿಗೆ ಬಂದು ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಅಚ್ಚಾಗತೊಡಗಿತು. ಆಗ ಆದೋನಿ, ರಾಯದುರ್ಗ ಎಲ್ಲ ಬಳ್ಳಾರಿ ಜಿಲ್ಲೆಯವೇ. 1953ರ ಅಕ್ಟೋಬರ್ 1ಕ್ಕೆ ತಾನೇ ನಾವು ಬೇರೆಯಾದದ್ದು. ನಾಲ್ಕು ಪುಟದ ಪತ್ರಿಕೆ ಅಂದರೆ ಒಂದು ಹಾಳೆಯನ್ನು ಒಂದು ಸಲ ಮಡಿಚಿದ್ದು. ಹರಿದು ಹಂಚಿಕೊಂಡರೂ ಅರ್ಧರ್ಧಕ್ಕಿಂತ ಹೆಚ್ಚು ಚದುರುವುದಿಲ್ಲ. ಪುಟ ಹೆಚ್ಚಾದ ಮೇಲೆ ಬಂದ ಕಾಯಿಲೆ ಇದು.

ಕಾಯಿಲೆಗೆ ಬೇರೆ ಬೇರೆ ಕಡೆ ಬೇರೆ ಬೇರೆ ಮದ್ದು ಹುಡುಕಿದ್ದಾರೆ. ಅಮೆರಿಕಾದ ವ್ಯಾಪಾರಸ್ಥರ ಪತ್ರಿಕೆ ವಾಲ್ ಸ್ಟ್ರೀಟ್ ಜರ್ನಲ್ 1930ರ ದಶಕದಲ್ಲಿ ಮೊದಲ ಪುಟದಲ್ಲೇ ಒಂದು ಸಾರಾಂಶದ ಅಂಕಣ ಶುರು ಮಾಡಿತು. ಒಂದೊಂದು ಸುದ್ದಿ ಎರಡು ಮೂರು ವಾಕ್ಯದಲ್ಲಿ ಮುಗಿಯುತ್ತದೆ. ಅಷ್ಟೇ ಓದಿ ಪೇಪರು ಮಡಿಚಿಟ್ಟರೂ ಅಂದಿನ ವಿಷಯ ತಿಳಿದ ಹಾಗಾಯಿತು. ವಿವರ ಬೇಕಾದವನು ಒಳಗೆ ಹೋಗುತ್ತಾನೆ. 1982ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಯುಎಸ್‌ಎ ಟುಡೇ ಇನ್ನೂ ಮುಂದೆ ಹೋಯಿತು. ಮೊದಲ ಪುಟದಲ್ಲಿ ಒಂದೇ ಒಂದು ಮುಖ್ಯ ಬರಹವನ್ನು ಮಾತ್ರ ಒಳಪುಟಕ್ಕೆ ಒಯ್ಯಬಹುದು, ಮಿಕ್ಕದ್ದೆಲ್ಲ ಅಲ್ಲೇ ಮುಗಿಯಬೇಕು ಎಂಬ ಕಟ್ಟು ಮಾಡಿಕೊಂಡಿತು. ಹಳೇ ಪತ್ರಕರ್ತರು "ಇದೇನು, ಚೂರುಪಾರು ತಿಂಡಿ ಪೊಟ್ಟಣ" ಅನ್ನುವ ಧಾಟಿಯಲ್ಲಿ ಗೇಲಿ ಮಾಡಿದರು. ಆ ಗೇಲಿಯಲ್ಲಿ ಅರ್ಧ ನ್ಯಾಯವೂ ಇದೆ. ಎಲ್ಲವನ್ನೂ ಹತ್ತು ಸಾಲಿಗೆ ಇಳಿಸಿದರೆ ಕೆರೆ ಒಡೆದದ್ದೂ, ಸಿನಿಮಾ ನಟಿಯ ಮದುವೆಯೂ ಒಂದೇ ತೂಕ ಆಗಿಬಿಡುತ್ತವೆ.

ನಮ್ಮ ತೆಲುಗು ಕಡೆ ಈನಾಡು ಬೇರೆ ದಾರಿ ಹಿಡಿಯಿತು. 1974ರಲ್ಲಿ ವಿಶಾಖಪಟ್ಟಣದಲ್ಲಿ ಶುರುವಾದ ಆ ಪತ್ರಿಕೆ 1989ರಲ್ಲಿ ಜಿಲ್ಲೆಗೊಂದು ಸಣ್ಣ ಅಳತೆಯ ಪುರವಣಿ ಕೊಡತೊಡಗಿತು. ಊರಿನ ಬೋರು, ರಸ್ತೆ, ಸಂತೆ, ಜಾತ್ರೆ ಎಲ್ಲದಕ್ಕೂ ಅದರದೇ ಒಂದು ಮೊದಲ ಪುಟ ಸಿಕ್ಕಿತು. ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಗಡಿಯಲ್ಲಿರುವವರಿಗೆ ಒಂದು ಕಣ್ಣು ತೆರೆದು ಇನ್ನೊಂದು ಮುಚ್ಚಿದ ಹಾಗಾಯಿತು. ಅನಂತಪುರದ ಪುರವಣಿ ಓದುವವನಿಗೆ ಪಾವಗಡದ ಸಮಾಚಾರ ಸಿಗುವುದು ಅಪರೂಪ. ತುಮಕೂರಿನ ಪುಟ ಓದುವವನಿಗೆ ಮಡಕಶಿರಾದ್ದು ಅಪರೂಪ. ನಡುವೆ ಇರುವುದು ಒಂದು ಚೆಕ್‌ಪೋಸ್ಟು ಅಷ್ಟೇ. ಬೀಗರು ಇಬ್ಬರೂ ಎರಡು ಕಡೆ ಇದ್ದಾರೆ!

ಇನ್ನು ಕತ್ತರಿಸುವ ವಿಚಾರ. ಪೇಪರಿನವರಿಗೆ ಹಳೆಯ ಒಂದು ಪಾಠವಿದೆ: ಮುಖ್ಯವಾದದ್ದು ಮೇಲೆ, ಕಡಿಮೆ ಮುಖ್ಯವಾದದ್ದು ಕೆಳಗೆ. ಜಾಗ ಸಾಲದಿದ್ದರೆ ಬಾಲದ ಕಡೆಯಿಂದ ಕತ್ತರಿಸಿದರೆ ಜೀವಕ್ಕೆ ಮೋಸವಿಲ್ಲ. ಮೊಳೆ ಜೋಡಿಸುವ ಕಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಕಂಪೋಸಿಟರು ಕೆಳಗಿನ ಸಾಲು ಕಿತ್ತು ತೆಗೆದು ಪುಟ ಕಟ್ಟುತ್ತಿದ್ದರು. ಪಾಠ ಚೆನ್ನಾಗಿದೆ. ಆದರೆ ಯಾರಿಗೆ ಮುಖ್ಯ? ರಾಜಧಾನಿಯಲ್ಲಿ ಕುಂತವರಿಗೆ ಘೋಷಣೆ ಮಾಡಿದ ಮಂತ್ರಿ ಮುಖ್ಯ, ಕೋಟಿಯ ಲೆಕ್ಕ ಮುಖ್ಯ. ಹೊಲದವನಿಗೆ ಮುಖ್ಯ ಕೊನೆಯ ದಿನಾಂಕ. ಅದು ಬಾಲದಲ್ಲಿರುತ್ತದೆ, ಐದನೇ ಪುಟದಲ್ಲಿರುತ್ತದೆ.

2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯನ್ನೇ ತೆಗೆದುಕೊಳ್ಳಿ. ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳಿಗೆ ರೈತ ಕಟ್ಟಬೇಕಾದ್ದು ಹೆಚ್ಚೆಂದರೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಇದನ್ನು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಕೊಡುತ್ತಾರೆ, ಕೊಡಲಿ. ಆದರೆ ಆಲಿಕಲ್ಲು ಬಿದ್ದು ಒಬ್ಬನ ಹೊಲ ಹೋದರೆ 72 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮವೂ ಅದರಲ್ಲೇ ಇದೆ. ಮಳೆ ಬಿದ್ದ ಮಾರನೆಯ ದಿನ "ಆಲಿಕಲ್ಲು ಮಳೆ, ಅಪಾರ ಬೆಳೆ ಹಾನಿ" ಎಂದು ಫೋಟೋ ಸಮೇತ ಮೊದಲ ಪುಟದಲ್ಲಿ ಸುದ್ದಿ ಹಾಕುವ ಪೇಪರು, ಈ 72 ಗಂಟೆಯ ಒಂದು ಸಾಲನ್ನು ಆ ಫೋಟೋದ ಕೆಳಗೇ ಹಾಕಬೇಕು. ಒಳಗೆ ಹಾಕಿದರೆ ಹೋಟೆಲ್ಲಿನಲ್ಲಿ ಹೊರಹಾಳೆ ಓದಿ ಹೋದವನಿಗೆ ತನ್ನ ಬೆಳೆ ಹಾಳಾದದ್ದು ಮಾತ್ರ ತಿಳಿಯುತ್ತದೆ. ಅದು ಅವನಿಗೆ ಮೊದಲೇ ಗೊತ್ತು!

ಗಡಿಯಲ್ಲಿ ಮಾರಾಟವಾಗುವ ಪೇಪರಿಗೆ ಇನ್ನೊಂದು ಎಚ್ಚರ ಬೇಕು. "ರೈತರ ಸಾಲ ಮನ್ನಾ" ಅಂತ ಕನ್ನಡ ಪತ್ರಿಕೆ ದೊಡ್ಡದಾಗಿ ಬರೆಯುತ್ತದೆ. ಯಾವ ರಾಜ್ಯದ್ದು? ಆಂಧ್ರದಲ್ಲಿ ಸಾಲ ಮನ್ನಾ ಘೋಷಣೆಯಾದದ್ದು 2014ರಲ್ಲಿ, ಕರ್ನಾಟಕದಲ್ಲಿ 2018ರಲ್ಲಿ. ಬೆಳೆ ವಿಮೆಯ ಯೋಜನೆಯಿಂದಲೂ ಆಂಧ್ರ 2020ರಲ್ಲಿ ಹೊರಬಂದು 2022ರಲ್ಲಿ ಮತ್ತೆ ಸೇರಿತು. ಬೆಂಗಳೂರಿನ ಓದುಗನಿಗೆ ರಾಜ್ಯದ ಹೆಸರು ಹೇಳುವ ಅಗತ್ಯವಿಲ್ಲ. ಆದೋನಿಯಲ್ಲಿ ಹತ್ತಿ ಮಾರಿ, ಬಳ್ಳಾರಿಯಲ್ಲಿ ಗೊಬ್ಬರ ತರುವವನಿಗೆ ಮೊದಲ ಸಾಲಿನಲ್ಲೇ ಬೇಕು. ಒಂದು ಪದ. ಅದಕ್ಕೆ ಒಳಪುಟಕ್ಕೆ ಹೋಗು ಅನ್ನಬಾರದು.

ಶೇಂಗಾ ಮೂಟೆಯ ಬಾಯಿ ಬಿಚ್ಚಿ ತೋರಿಸುವಾಗ ಮೇಲೆ ಒಳ್ಳೇ ಗಟ್ಟಿ ಕಾಯಿ, ಒಳಗೆ ಜೊಳ್ಳು ಇಡುವವರುಂಟು. ಅದಕ್ಕೇ ವರ್ತಕರು ಮೂಟೆಗೆ ಚುಚ್ಚಿ ನಡುವಿನಿಂದ ಮಾದರಿ ಎಳೆಯುವುದು. ಪೇಪರಿನ ಮೊದಲ ಪುಟ ಮೂಟೆಯ ಬಾಯಿ ಇದ್ದ ಹಾಗೆ. ಒಳಗಿನದನ್ನೆಲ್ಲ ಹೊರಗೆ ಸುರಿಯಲು ಆಗುವುದಿಲ್ಲ, ಸುರಿದರೆ ತೂಕ ಮಾಡುವವರು ಯಾರು? ಬಾಯಲ್ಲಿ ಕಂಡದ್ದೇ ನಡುವಿನಲ್ಲೂ ಇರಬೇಕು, ಅಷ್ಟೇ ವ್ಯಾಪಾರ. "ಶೇಂಗಾ ಬೆಲೆ ಗಗನಕ್ಕೆ" ಅಂತ ಮುಂದೆ, "ಆವಕ ಇಲ್ಲದ ಕಾರಣ ವಹಿವಾಟು ನಡೆಯಲಿಲ್ಲ" ಅಂತ ಹಿಂದೆ ಇದ್ದರೆ ಅದನ್ನು ಕತ್ತರಿ ಅನ್ನಲಾಗದು.

ಒಂದು ಸಣ್ಣ ಸಲಹೆ ನನ್ನ ಕಡೆಯಿಂದ. ಹನ್ನೆರಡು ಪುಟದ ಪತ್ರಿಕೆಯ ಹೊರಹಾಳೆ ಬಿಚ್ಚಿ ನೋಡಿ: ಅದರಲ್ಲಿ 1, 2, 11, 12 ಪುಟಗಳು ಒಟ್ಟಿಗೆ ಇರುತ್ತವೆ. ಮೊದಲ ಪುಟದಿಂದ ಮುಂದುವರಿಸಲೇಬೇಕಾದರೆ ಎರಡಕ್ಕೋ ಹನ್ನೆರಡಕ್ಕೋ ಮುಂದುವರಿಸಲಿ. ಹೊರಹಾಳೆ ಸಿಕ್ಕವನಿಗೆ ಬಾಲವೂ ಸಿಗುತ್ತದೆ. ಕೆಲವು ಪೇಪರಿನವರು ಹೀಗೆ ಮಾಡುವುದನ್ನು ನೋಡಿದ್ದೇನೆ. ಅವರು ಎಂದೋ ಹೋಟೆಲ್ಲಿನಲ್ಲಿ ಕುಂತು ಪೇಪರು ಓದಿದವರೇ ಇರಬೇಕು. ಈಗಂತೂ ಮೊಬೈಲಿನಲ್ಲಿ ಬರೀ ಮೊದಲ ಪುಟದ ಫೋಟೋ ಹಳ್ಳಿಯಿಂದ ಹಳ್ಳಿಗೆ ಓಡಾಡುತ್ತದೆ. ಆ ಫೋಟೋಕ್ಕೆ ಐದನೇ ಪುಟವೂ ಇಲ್ಲ, ಎರಡನೇದೂ ಇಲ್ಲ.

ಸುದ್ದಿಯ ಮಾತಾಯಿತು. ಕವಿತೆಯದು? ನಮ್ಮ ಕಡೆಯ ಸಾಹಿತ್ಯಾಸಕ್ತ ಗೆಳೆಯರು ಸೇರಿ ಯುಗಾದಿಗೆ ಕನ್ನಡ, ತೆಲುಗು ಎರಡೂ ಭಾಷೆಯ ನಾಲ್ಕು ಪುಟದ ಒಂದು ಹಾಳೆ ಅಚ್ಚು ಹಾಕಿಸಿದಾಗ ಇದೇ ಜಗಳ ಬಂತು. ಹದಿನಾರು ಮಂದಿ ಬರೆದಿದ್ದರು. ಎಲ್ಲರ ಪದ್ಯದ ಮೊದಲ ನಾಲ್ಕು ಸಾಲು ಮುಂದೆ ಹಾಕಿ, ಉಳಿದದ್ದನ್ನು ಒಳಗೆ ಕೊಡೋಣ, ಎಲ್ಲರ ಹೆಸರೂ ಮುಂದೆ ಬರುತ್ತದೆ ಅಂತ ಕೆಲವರು. "ಅಣ್ಣಾ, ನಂದು ಇರೋದೇ ಆರು ಸಾಲು, ನಾಲ್ಕು ಮುಂದೆ ಹಾಕಿ ಎರಡು ಒಳಗೆ ಹಾಕ್ತೀರೇನು?" ಅಂದ ಒಬ್ಬ ಹುಡುಗ. ಎಲ್ಲರೂ ನಕ್ಕರು, ಆದರೆ ಅವನ ಮಾತೇ ಸರಿ. ಸುದ್ದಿಗೆ ಬಾಲ ಕತ್ತರಿಸಬಹುದು, ಪದ್ಯಕ್ಕೆ ಬಾಲದಲ್ಲೇ ಪ್ರಾಣ ಇರುವುದುಂಟು. ಒಂದೇ ಪದ್ಯವಾದರೂ ಸರಿ, ಪೂರ್ತಿ ಇರಲಿ. ಮಿಕ್ಕವರದು ಹೆಸರು, ಪುಟಸಂಖ್ಯೆ ಸಾಕು ಅಂತ ನಾನು ವಾದಿಸಿದೆ.

ಆಮೇಲೆ ನಿಜವಾದ ಜಗಳ ಹೊರಬಂತು. ಮೊದಲ ಪುಟದ ಆ ಒಂದು ಪದ್ಯ ಕನ್ನಡದ್ದೋ, ತೆಲುಗಿನದೋ? ಪುಟವನ್ನು ನಡುವೆ ಗೆರೆ ಎಳೆದು ಅರ್ಧರ್ಧ ಮಾಡಿದರೆ ಎಡಗಡೆ ಯಾರು, ಬಲಗಡೆ ಯಾರು? ಎರಡು ಸಲ ಸಭೆ ಸೇರಿ ಎರಡು ಸಲವೂ ಚಹಾ ಕುಡಿದು ಎದ್ದೆವು. ಕಡೆಗೆ ದಾರಿ ತೋರಿಸಿದವರು ಪ್ರೆಸ್ಸಿನಲ್ಲಿ ಮಷಿನ್ ನಡೆಸುವ ಹಿರಿಯರು. "ನಾಲ್ಕನೇ ಪುಟ ಯಾಕಪ್ಪಾ ಬೇಕು ನಿಮಗೆ? ಅದನ್ನ ತಲೆಕೆಳಗೆ ಕೂರಿಸ್ತೀನಿ. ಈ ಕಡೆಯಿಂದ ಹಿಡಿದ್ರೆ ಕನ್ನಡದ ಮೊದಲನೇ ಪುಟ, ತಿರುಗಿಸಿ ಹಿಡಿದ್ರೆ ತೆಲುಗಿಂದು" ಅಂದರು. ಹಾಗೇ ಆಯಿತು. ಎರಡು ಮುಖಪುಟ, ಎರಡರಲ್ಲೂ ಒಂದೊಂದು ಪೂರ್ತಿ ಪದ್ಯ, ಪಕ್ಕದಲ್ಲಿ ಹೆಸರುಗಳ ಪಟ್ಟಿ. ಕಾಗದಕ್ಕೆ ದುಡ್ಡು ಕೊಟ್ಟ ಮಂಡಿ ಸಾಹುಕಾರರು ಅಂದಿನ ಶೇಂಗಾ, ಹತ್ತಿ ಧಾರಣೆ ಹಾಕಲೇಬೇಕು ಅಂದದ್ದಕ್ಕೆ ಎರಡು ಬೆರಳಿನಗಲ ಚೌಕಟ್ಟು ಎರಡೂ ಕಡೆ ಬಿಟ್ಟೆವು. ಬಳ್ಳಾರಿ ಕಡೆಗೆ ಹೋದ ಕಟ್ಟನ್ನು ಅಂಗಡಿಯವರು ಕನ್ನಡ ಮೇಲೆ ಮಾಡಿ ತೂಗುಹಾಕಿದ್ದರು, ಅನಂತಪುರದ ಕಡೆಗೆ ಹೋದದ್ದನ್ನು ತೆಲುಗು ಮೇಲೆ ಮಾಡಿ. ರಾಯದುರ್ಗದಲ್ಲಿ ಒಂದೇ ಅಂಗಡಿಯಲ್ಲಿ ಎರಡೂ ಥರ ತೂಗುತ್ತಿದ್ದವು, ಅವೆರಡು ಬೇರೆ ಬೇರೆ ಪತ್ರಿಕೆ ಅಂತ ತಿಳಿದು ಒಂದೊಂದು ಕೊಂಡು ಹೋದವರೂ ಇದ್ದರು.